ತಂಗಡಿ ಕಡ್ಡಿಯಿಂದ ಗೇರ್ ಹಲ್ಲಿನವರೆಗೆ

ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ಹನೂರು, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿದ್ದೀರಾ? ತಾಳಬೆಟ್ಟದ ನಂತರ ಏರುದಾರಿ. ತಿರುವು ಬಂದಾಗಲೆಲ್ಲ ಚಾಲಕರು ಗೇರ್ ಬದಲಿಸುತ್ತಾರೆ. ಗೇರ್ ಪೆಟ್ಟಿಗೆಯೊಳಗಿನ ಉಕ್ಕಿನ ಹಲ್ಲುಚಕ್ರಗಳು ಒಂದನ್ನೊಂದು ಉಜ್ಜುತ್ತ ಬಸ್ಸನ್ನು ಮೇಲಕ್ಕೆಳೆಯುತ್ತವೆ. ಉಜ್ಜಿ ಸವೆಯದಿರಲು ಹಲ್ಲು ಗಡಸಾಗಿರಬೇಕು. ಹೊಡೆತಕ್ಕೆ ಮುರಿಯದಿರಲು ಜಿಗುಟಾಗಿಯೂ ಇರಬೇಕು. ಆದರೆ ತುಂಬ ಗಡಸಾದ ಉಕ್ಕು ಪೆಟ್ಟು ಬಿದ್ದರೆ ಸಿಡಿಯುತ್ತದೆ, ಜಿಗುಟಾದದ್ದು ಬೇಗ ಸವೆಯುತ್ತದೆ. ಎರಡೂ ಗುಣಗಳನ್ನು ಒಂದೇ ಚಕ್ರದಲ್ಲಿ ಕೂಡಿಸುವುದು ಹೇಗೆ? ಹೊರಮೈಗೆ ಮಾತ್ರ ಇಂಗಾಲ ಉಣಿಸುವುದೇ ಇದಕ್ಕೆ ಉಪಾಯ.

ಇದು ಕಾರ್ಖಾನೆಯ ಕಾಲದ ವಿದ್ಯೆ ಎನಿಸಬಹುದು. ಇದರ ಮೊದಲ ಹೆಜ್ಜೆ ನಮ್ಮ ನಾಡಿನ ಕುಲುಮೆಗಳಲ್ಲಿ ಬಹಳ ಹಿಂದೆಯೇ ನಡೆಯುತ್ತಿತ್ತು.

ಕಂಚು ಮತ್ತು ಕಬ್ಬಿಣ

ಬೆಟ್ಟದ ಮಾದಪ್ಪನ ಕಥೆಯನ್ನು ಹಾಡುವ ದೇವರಗುಡ್ಡರ ಕೈಯಲ್ಲಿ ಕಂಚಿನ ಕಂಸಾಳೆ ಇರುತ್ತದೆ. ತಾಮ್ರಕ್ಕೆ ತವರ ಬೆರೆತರೆ ಕಂಚು. ಇದೇ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಗದ್ದುಗೆ ಇದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆ ಬೇಡಲು ಹೋಗುತ್ತಾನೆ. ಅವರು ಅವನನ್ನು ಕಠಿಣ ಪರೀಕ್ಷೆಗೆ ಒಡ್ಡುತ್ತಾರೆ. ಇದು ಕಾವ್ಯ, ಇತಿಹಾಸದ ದಾಖಲೆಯಲ್ಲ. ಆದರೂ ಕಬ್ಬಿಣ ಎಷ್ಟು ಬೆಲೆಯುಳ್ಳ ವಸ್ತುವಾಗಿತ್ತು, ಕುಲುಮೆಯವರು ಎಷ್ಟು ಬಲಿಷ್ಠರಾಗಿದ್ದರು ಎಂಬ ನೆನಪು ಅದರಲ್ಲಿ ಉಳಿದಿದೆ.

ದಾಖಲೆ ಬೇಕೆಂದರೆ ಫ್ರಾನ್ಸಿಸ್ ಬುಕಾನನ್ ಬರೆದದ್ದನ್ನು ನೋಡಬೇಕು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಈ ವೈದ್ಯನನ್ನು ಮೈಸೂರು ಸೀಮೆಯ ಸಮೀಕ್ಷೆಗೆ ಕಳುಹಿಸಿತು. ಕೊಳ್ಳೇಗಾಲ, ಹನೂರು, ಕೌದಳ್ಳಿಯ ಹಾದಿಯಲ್ಲೂ ಅವನು ಸಾಗಿದ. ಉಕ್ಕು ತಯಾರಿಕೆಯನ್ನು ಅವನು ವಿವರವಾಗಿ ಬರೆದದ್ದು ಈಗಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಬಳಿಯ ಕುಲುಮೆಗಳ ಬಗ್ಗೆ. ಅಲ್ಲಿ ಮಣ್ಣಿನ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ ಮತ್ತು ಎರಡು ಹಸಿರೆಲೆ ಇಟ್ಟು, ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ತಿದಿ ಊದಿ ಕಾಯಿಸುತ್ತಿದ್ದರು.

ಮೂಸೆಯೊಳಗೆ ಏನಾಯಿತು?

ಮೂರು ರೂಪಾಯಿ ತೂಕವೆಂದರೆ ಸುಮಾರು 34 ಗ್ರಾಂ. ಮುಚ್ಚಿದ ಮೂಸೆಯಲ್ಲಿ ಕಡ್ಡಿ ಉರಿದು ಬೂದಿಯಾಗದು, ಇದ್ದಿಲಾಗುತ್ತದೆ. ನಾಲ್ಕನೆಯ ಒಂದು ಭಾಗ ಉಳಿಯಿತು ಎಂದುಕೊಂಡರೆ ಸುಮಾರು 8 ಗ್ರಾಂ ಇಂಗಾಲ. ಅದು ಪೂರ್ತಿಯಾಗಿ ಅರ್ಧ ಕಿಲೋ ಕಬ್ಬಿಣಕ್ಕೆ ಸೇರಿದರೆ ಎಷ್ಟಾಗುತ್ತದೆ? ನೀವೇ ಲೆಕ್ಕ ಮಾಡಿ: ಸುಮಾರು ಶೇಕಡಾ 1.6. ಮೂಸೆಯುಕ್ಕಿನಲ್ಲಿ ಸಾಮಾನ್ಯವಾಗಿ ಇರುವುದು ಶೇಕಡಾ 1ರಿಂದ 2ರಷ್ಟು ಇಂಗಾಲ!

ಇಂಗಾಲ ಕಬ್ಬಿಣದೊಳಗೆ ಹೋಗುವ ಬಗೆ ಹೀಗಿದೆ. ಮೂಸೆಯಲ್ಲಿ ಉಳಿದ ಅಲ್ಪ ಆಮ್ಲಜನಕ ಇದ್ದಿಲಿನೊಡನೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದು ಕಾದ ಕಬ್ಬಿಣದ ಮೇಲ್ಮೈಗೆ ಇಂಗಾಲವನ್ನು ಕೊಟ್ಟು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಮತ್ತೆ ಇದ್ದಿಲನ್ನು ಮುಟ್ಟಿ ಮಾನಾಕ್ಸೈಡ್ ಆಗುತ್ತದೆ. ಹೀಗೆ ಅನಿಲ ಇಂಗಾಲವನ್ನು ಹೊತ್ತು ತರುವ ಕೂಲಿಯಾಳಾಗುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇಂಗಾಲ ಸೇರಿದಂತೆ ಕರಗುವ ತಾಪ ಇಳಿಯುತ್ತದೆ. ಆದ್ದರಿಂದ ತುಂಡು ಹೊರಗಿನಿಂದ ಕರಗುತ್ತ ಬಂದು, ಕೊನೆಗೆ ಎಲ್ಲವೂ ಉಕ್ಕಿನ ಗಟ್ಟಿಯಾಗುತ್ತದೆ.

ಗೇರ್ ಚಕ್ರಕ್ಕೂ ಮಾಡುವುದು ಇದರ ಮೊದಲರ್ಧವನ್ನೇ. ಶೇಕಡಾ 0.2ರಷ್ಟು ಇಂಗಾಲವಿರುವ ಉಕ್ಕಿನ ಚಕ್ರವನ್ನು ಇದ್ದಿಲ ಪುಡಿಯಲ್ಲಿ ಹುದುಗಿಸಿ ಅಥವಾ ಇಂಗಾಲಯುಕ್ತ ಅನಿಲದಲ್ಲಿಟ್ಟು 900ರಿಂದ 950 ಡಿಗ್ರಿಗೆ ಕಾಯಿಸುತ್ತಾರೆ. ಉಕ್ಕು ಕರಗುವುದಿಲ್ಲ. ಹಲವು ಗಂಟೆಗಳಲ್ಲಿ ಇಂಗಾಲ ಸುಮಾರು 1 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ. ಇಮ್ಮಡಿ ಆಳ ಬೇಕಾದರೆ ನಾಲ್ಮಡಿ ಕಾಲ ಬೇಕು. ಹೊರಮೈಯಲ್ಲಿ ಇಂಗಾಲ ಶೇಕಡಾ 0.8ರಿಂದ 1ರಷ್ಟಾದಾಗ ತೆಗೆದು ಎಣ್ಣೆಯಲ್ಲಿ ಅದ್ದುತ್ತಾರೆ. ಇಡೀ ಚಕ್ರ ತಣಿದರೂ ಇಂಗಾಲ ಉಂಡ ಹೊರಪದರವೇ ಬಹಳ ಗಡಸಾಗುತ್ತದೆ. ಒಳತಿರುಳು ಜಿಗುಟಾಗಿಯೇ ಉಳಿಯುತ್ತದೆ. ಮೂಸೆಯವರು ಕೊನೆಯವರೆಗೆ ಹೋದರು, ಇಲ್ಲಿ ನಡುವೆ ನಿಲ್ಲಿಸುತ್ತಾರೆ. ವ್ಯತ್ಯಾಸ ಇಷ್ಟೇ.

ಹೆಸರು ತಿಳಿದದ್ದು ಯಾವಾಗ?

ಯೂರೋಪಿನಲ್ಲೂ ಮೊದಲು ಕೈವಿದ್ಯೆಯೇ ಇತ್ತು. 12ನೆಯ ಶತಮಾನದ ಥಿಯೋಫಿಲಸ್, ಸುಟ್ಟ ಎತ್ತಿನ ಕೊಂಬಿನ ಪುಡಿಗೆ ಉಪ್ಪು ಬೆರೆಸಿ ಅರಗಳ ಹೊರಮೈ ಗಡಸು ಮಾಡುವುದನ್ನು ಬರೆದಿದ್ದಾನೆ. 1722ರಲ್ಲಿ ಫ್ರಾನ್ಸಿನ ರೋಮರ್ ಕಬ್ಬಿಣವನ್ನು ಉಕ್ಕಾಗಿಸುವ ಬಗ್ಗೆ ಪುಸ್ತಕವನ್ನೇ ಬರೆದ. ಆದರೆ ಒಳಸೇರುವುದು ಗಂಧಕ ಮತ್ತು ಲವಣಗಳು ಎಂದು ತಿಳಿದಿದ್ದ. ಅದು ಇಂಗಾಲವೆಂದು ವಾಂಡರ್‌ಮಾಂಡ್, ಬರ್ತೊಲೆ ಮತ್ತು ಮಾಂಜ್ ಸ್ಪಷ್ಟಪಡಿಸಿದ್ದು 1786ರಲ್ಲಿ. 1799ರಲ್ಲಿ ಗಿಟಾನ್ ದ ಮಾರ್ವೊ ವಜ್ರವನ್ನೇ ಕಬ್ಬಿಣದೊಡನೆ ಕಾಯಿಸಿ ಉಕ್ಕು ಮಾಡಿ ತೋರಿಸಿದ!

ಇದೇ ಕಾಲದಲ್ಲಿ, 1790ರ ದಶಕದಲ್ಲಿ, ನಮ್ಮ ಉಕ್ಕಿನ ಗಟ್ಟಿಗಳು 'ವೂಟ್ಜ್' ಎಂಬ ಹೆಸರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತಲುಪಿದವು. ಆ ಹೆಸರು ಕನ್ನಡದ 'ಉಕ್ಕು' ಪದದಿಂದ ಬಂದಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ 1819ರಲ್ಲಿ ಅದನ್ನು ವಿಶ್ಲೇಷಿಸಿ, ಅದರ ಗುಣಕ್ಕೆ ಅಲ್ಯೂಮಿನಿಯಂ ಅಂಶ ಕಾರಣವೆಂದುಕೊಂಡ. ಆ ಊಹೆ ತಪ್ಪಾಗಿತ್ತು. ಆದರೆ ಮಿಶ್ರಲೋಹದ ಉಕ್ಕುಗಳ ಕುರಿತ ಅವನ ಪ್ರಯೋಗಗಳು ಅಲ್ಲಿಂದಲೇ ಬೆಳೆದವು.

ನಮ್ಮ ಕುಲುಮೆಯವರಿಗೆ ಕಡ್ಡಿಯ ತೂಕ ಗೊತ್ತಿತ್ತು, ಇಂಗಾಲ ಗೊತ್ತಿರಲಿಲ್ಲ. ಅಲ್ಲಿನವರಿಗೆ ಇಂಗಾಲ ಗೊತ್ತಾಯಿತು. ಆಮೇಲೆ ಅಳೆಯುವುದು, ಬದಲಿಸುವುದು, ಬರೆದು ಇನ್ನೊಬ್ಬರಿಗೆ ಒಪ್ಪಿಸುವುದು ಸಾಧ್ಯವಾಯಿತು. 19ನೆಯ ಶತಮಾನದಲ್ಲಿ ಅಗ್ಗದ ಆಮದು ಉಕ್ಕು ಬಂದಿತು, ಇದ್ದಿಲಿಗೆ ಬೇಕಾದ ಕಾಡಿನ ಮೇಲೆ ನಿರ್ಬಂಧ ಬಿದ್ದಿತು. ಮೂಸೆಗಳು ಆರಿದವು. ಬಾಯಿಂದ ಬಾಯಿಗೆ ಬಂದ ವಿದ್ಯೆಯ ಬಹುಪಾಲು ಅವುಗಳೊಡನೆ ಹೋಯಿತು. "ಎಲ್ಲವೂ ನಮಗೆ ಮೊದಲೇ ಗೊತ್ತಿತ್ತು" ಎನ್ನುವುದೂ "ಏನೂ ಗೊತ್ತಿರಲಿಲ್ಲ" ಎನ್ನುವುದೂ ಈ ನಷ್ಟವನ್ನು ಮರೆಸುತ್ತವೆ.

ತರಗತಿಯಲ್ಲಿ ಮಾಡಿ ನೋಡಿ

ಒಂದು ಹೊಲಿಗೆ ಸೂಜಿ, ಅಷ್ಟೇ ದಪ್ಪದ ಒಂದು ಸಣ್ಣ ಮೊಳೆ ತೆಗೆದುಕೊಳ್ಳಿ. ಶಿಕ್ಷಕರು ಇಕ್ಕಳದಲ್ಲಿ ಹಿಡಿದು ಎರಡನ್ನೂ ಕೆಂಪಗೆ ಕಾಯಿಸಿ ತಟ್ಟನೆ ನೀರಿಗೆ ಅದ್ದಲಿ. ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಎರಡನ್ನೂ ಬಾಗಿಸಿ. ಸೂಜಿ ಪಟ್ಟನೆ ಮುರಿಯುತ್ತದೆ, ಮೊಳೆ ಬಾಗುತ್ತದೆ. ಬೆಂಕಿ ಒಂದೇ, ನೀರು ಒಂದೇ; ಇಂಗಾಲ ಮಾತ್ರ ಬೇರೆ. ನಂತರ ನಿಮ್ಮೂರಿನ ಕುಲುಮೆಗೆ ಹೋಗಿ, ಕುಡುಗೋಲಿಗೆ ಹದ ಹಾಕುವಾಗ ಯಾವ ಬಣ್ಣ ನೋಡುತ್ತಾರೆಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.