ಎನ್ವಿರಾನ್‌ಮೆಂಟ್ ವೇರಿಯಬಲ್

ಪ್ರೋಗ್ರಾಮ್ ಶುರುವಾಗುವಾಗ ಅದಕ್ಕೆ ಹೊರಗಿನಿಂದ ಸಿಗುವ ಹೆಸರು–ಮೌಲ್ಯಗಳ ಜೋಡಿ. ಡೇಟಾಬೇಸ್ ವಿಳಾಸ, ಪೋರ್ಟ್ ಸಂಖ್ಯೆ, ಎಪಿಐ ಕೀಲಿಯಂತೆ ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಸೆಟ್ಟಿಂಗ್‌ಗಳನ್ನು ಕೋಡಿನಿಂದ ಹೊರಗಿಡಲು ಇದನ್ನು ಬಳಸುತ್ತಾರೆ.

1979ರಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ 7ನೆಯ ಆವೃತ್ತಿಯಲ್ಲಿ, ಬೋರ್ನ್ ಶೆಲ್‌ನ ಜೊತೆಗೆ ಇದು ಬಂತು. ಒಂದು ಪ್ರೋಸೆಸ್ ಇನ್ನೊಂದನ್ನು ಹುಟ್ಟುಹಾಕಿದಾಗ ಈ ಜೋಡಿಗಳ ನಕಲು ಸಾಮಾನ್ಯವಾಗಿ ಮರಿ ಪ್ರೋಸೆಸ್‌ಗೂ ಹೋಗುತ್ತದೆ. ಮರಿ ಅದರಲ್ಲಿ ಏನೇ ತಿದ್ದಿಕೊಂಡರೂ ತಾಯಿಗೆ ತಟ್ಟುವುದಿಲ್ಲ. ಕನ್ನಡ ಲೊಕೇಲ್ ಇರುವ ಲಿನಕ್ಸ್‌ನಲ್ಲಿ ‘ಲ್ಯಾಂಗ್’ ವೇರಿಯಬಲ್‌ಗೆ ಕನ್ನಡದ ಸಂಕೇತ ಕೊಟ್ಟು ‘ಡೇಟ್’ ಆದೇಶ ಓಡಿಸಿದರೆ ವಾರ, ತಿಂಗಳ ಹೆಸರುಗಳು ಕನ್ನಡದಲ್ಲೇ ಮೂಡುತ್ತವೆ. ಅದಕ್ಕಾಗಿ ಡೇಟ್‌ನ ಕೋಡಿನಲ್ಲಿ ಒಂದಕ್ಷರವನ್ನೂ ಮುಟ್ಟಬೇಕಿಲ್ಲ.

2011ರಲ್ಲಿ ಹೆರೋಕು ಕಂಪನಿಯ ಎಂಜಿನಿಯರುಗಳು ರೂಪಿಸಿದ ‘ಟ್ವೆಲ್ವ್-ಫ್ಯಾಕ್ಟರ್ ಆ್ಯಪ್’ ಸೂತ್ರಗಳಲ್ಲಿ ಮೂರನೆಯದು, ಸೆಟ್ಟಿಂಗ್‌ಗಳನ್ನು ಕೋಡಿನಲ್ಲಿಡದೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಇಡಬೇಕೆಂದು ಹೇಳುತ್ತದೆ. ಅದರ ಒರೆಗಲ್ಲು ಖಡಕ್ಕಾಗಿದೆ: ಕೋಡನ್ನು ಈ ಗಳಿಗೆಯಲ್ಲೇ ಬಹಿರಂಗ ಮಾಡಿದರೂ ಒಂದು ಪಾಸ್‌ವರ್ಡೂ ಸೋರಬಾರದು. ಡೆವಲಪರುಗಳು ತಮ್ಮ ಯಂತ್ರದಲ್ಲಿ ಮೌಲ್ಯಗಳನ್ನು ‘ಡಾಟ್ ಎನ್ವ್’ ಫೈಲಿನಲ್ಲಿಟ್ಟು, ಅದು ಗಿಟ್‌ಗೆ ಸೇರದಂತೆ ‘ಗಿಟ್‌ಇಗ್ನೋರ್’ನಲ್ಲಿ ನಮೂದಿಸುತ್ತಾರೆ. ಕಣ್ತಪ್ಪಿ ಒಮ್ಮೆ ಕಮಿಟ್ ಆದರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದ ಮಾತ್ರಕ್ಕೆ ಅದು ಇತಿಹಾಸದಿಂದ ಹೋಗುವುದಿಲ್ಲ. ಮೊದಲು ಅದರಲ್ಲಿದ್ದ ಕೀಲಿಯನ್ನು ರದ್ದುಮಾಡಿ ಹೊಸದನ್ನು ಪಡೆಯಬೇಕು. ಇತಿಹಾಸ ತೊಳೆಯುವ ಕೆಲಸ ಆಮೇಲಿನದು.

ಎಲ್ಲ ಮೌಲ್ಯಗಳೂ ಬರೀ ಪಠ್ಯ ಎಂಬುದನ್ನು ಮರೆತಾಗ ತೊಂದರೆ ಹೆಚ್ಚು. ಪೈಥಾನ್‌ನಲ್ಲಿ ಖಾಲಿಯಲ್ಲದ ಯಾವ ಪಠ್ಯವೂ ‘ನಿಜ’ವೇ. ಡಿಬಗ್ ಬೇಡವೆಂದು ‘ಫಾಲ್ಸ್’ ಎಂದು ಬರೆದು, ಅದನ್ನು ನೇರವಾಗಿ ಬೂಲಿಯನ್‌ಗೆ ಪರಿವರ್ತಿಸಿದರೆ ‘ಟ್ರೂ’ ಸಿಗುತ್ತದೆ. ಪೈಥಾನ್‌ನ ಜಾಂಗೋ ಚೌಕಟ್ಟಿನಲ್ಲಿ ಕಟ್ಟಿದ ತಾಣವೊಂದು ಹೀಗೆ ಡಿಬಗ್ ಸ್ಥಿತಿಯಲ್ಲೇ ಉಳಿದರೆ, ದೋಷ ಬಂದಾಗ ಒಳಗಿನ ಅನೇಕ ವಿವರಗಳು ಬಳಕೆದಾರರ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಸೆಟ್ಟಿಂಗ್‌ಗಳನ್ನು ಒಂದೇ ಮಾಡ್ಯೂಲ್‌ನಲ್ಲಿ ಓದಿ, ಪ್ರಕಾರ ಪರಿಶೀಲಿಸಿ, ಕಡ್ಡಾಯವಾದದ್ದು ಇಲ್ಲದಿದ್ದರೆ ಆರಂಭದಲ್ಲೇ ಸ್ಪಷ್ಟ ಸಂದೇಶದೊಂದಿಗೆ ನಿಲ್ಲಿಸುವುದು ಸರಿಯಾದ ಕ್ರಮ. ಅರ್ಧರಾತ್ರಿ ಯಾವುದೋ ಫಂಕ್ಷನ್ನಿನ ಮೂಲೆಯಲ್ಲಿ ಕುಸಿಯುವುದಕ್ಕಿಂತ ಇದು ಎಷ್ಟೋ ಮೇಲು.

ಗುಟ್ಟು ಕಾಯಲು ಎನ್ವಿರಾನ್‌ಮೆಂಟ್ ವೇರಿಯಬಲ್ ತಿಜೋರಿಯಲ್ಲ. ಲಿನಕ್ಸ್‌ನಲ್ಲಿ ಪ್ರೋಸೆಸ್ ಪಡೆದ ಆರಂಭಿಕ ಮೌಲ್ಯಗಳನ್ನು ಅದೇ ಬಳಕೆದಾರ ಮತ್ತು ರೂಟ್ ‘ಪ್ರಾಕ್’ ಕಡತವ್ಯವಸ್ಥೆಯಲ್ಲಿ ಓದಬಹುದು. ಡಾಕರ್‌ಫೈಲಿನ ‘ಎನ್ವ್’ ಸಾಲಿನಲ್ಲಿ ಬರೆದದ್ದು ಇಮೇಜ್‌ನಲ್ಲೇ ಉಳಿಯುತ್ತದೆ. ಕುಬರ್ನೆಟಿಸ್‌ನ ‘ಸೀಕ್ರೆಟ್’ ಮೌಲ್ಯಗಳಿಗಿರುವ ಬೇಸ್64 ರೂಪವೂ ಗೂಢಲಿಪೀಕರಣವಲ್ಲ. ಸೂಕ್ಷ್ಮ ಕೀಲಿಗಳಿಗೆ ಹಾಷಿಕಾರ್ಪ್ ವಾಲ್ಟ್‌ನಂಥ ಪ್ರತ್ಯೇಕ ವ್ಯವಸ್ಥೆಗಳಿವೆ.

ಶೆಲ್‌ನಲ್ಲಿ ಮೌಲ್ಯ ಬದಲಿಸಿದರೆ ಈಗಾಗಲೇ ಓಡುತ್ತಿರುವ ಸರ್ವರ್‌ಗೆ ಅದು ತಿಳಿಯದು. ಹೊಸ ಮೌಲ್ಯ ಸಿಗಬೇಕಾದರೆ ಸರ್ವರನ್ನು ಮರುಚಾಲನೆ ಮಾಡಬೇಕು.