ಬಿಟ್ಟುಬಿಟ್ಟು ಬರುವ ಸಂಪರ್ಕ

ಪೂರ್ತಿಯಾಗಿ ಕಡಿದುಹೋದ ತಂತಿಯನ್ನು ಕಂಡುಹಿಡಿಯುವುದು ಕಷ್ಟವಲ್ಲ. ಒಂದು ತುದಿಯಿಂದ ಹುಡುಕುತ್ತ ಹೊರಟರೆ ಕಡಿದ ಸ್ಥಳ ಸಿಕ್ಕಿಯೇ ಸಿಕ್ಕುತ್ತದೆ. ಆದರೆ ಗಳಿಗೆಗೊಮ್ಮೆ ಬಂದು ಗಳಿಗೆಗೊಮ್ಮೆ ಹೋಗುವ ಇಂಟರ್‌ನೆಟ್ ಸಂಪರ್ಕವು, ವೈದ್ಯನು ನಾಡಿ ಹಿಡಿದೊಡನೆ ಇಳಿದು, ಅವನು ಬೀದಿಯ ತಿರುವು ದಾಟುವಷ್ಟರಲ್ಲಿ ಮತ್ತೆ ಏರುವ ವಿಷಮಜ್ವರದಂತೆ, ಪರೀಕ್ಷಿಸುವವನ ಎದುರಿಗೆ ಸದಾ ಆರೋಗ್ಯವನ್ನೇ ನಟಿಸುತ್ತದೆ. ಗೃಹಸ್ಥನು ಮೋಡೆಮನ್ನು ಆರಿಸಿ ಹೊತ್ತಿಸಿ, ಫೈರ್‌ವಾಲಿನ ನಿಯಮಗಳನ್ನು ಒಂದೊಂದಾಗಿ ಸಡಿಲಿಸಿ, ಕಡೆಗೆ ಸೇವೆಯವರನ್ನು ಶಪಿಸುವ ಈ ವ್ಯವಹಾರಕ್ಕೂ ಒಂದು ಇತಿಹಾಸವುಂಟು. ರೋಗವನ್ನು ತಂತಿಯಲ್ಲಿ ಹುಡುಕುತ್ತಿದ್ದ ಜಗತ್ತು, ಅದು ಪ್ಯಾಕೆಟ್ಟುಗಳು ಕಾದು ನಿಲ್ಲುವ ಸರದಿಯಲ್ಲಿಯೂ ಇರಬಲ್ಲುದೆಂದು ಒಪ್ಪಿಕೊಳ್ಳುವುದಕ್ಕೆ ಕಾಲು ಶತಮಾನ ಹಿಡಿಯಿತು.

1983ರ ಡಿಸೆಂಬರಿನಲ್ಲಿ, ಅಮೆರಿಕದ ಸೇನೆಗೆ ಸೇರಿದ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಜಾಲದ ವಿಚಿತ್ರ ವರ್ತನೆಯನ್ನು ಕಂಡ ಮೈಕ್ ಮೂಸ್ ಎಂಬವರು, ಅದೇ ವರ್ಷ ಡೇವಿಡ್ ಮಿಲ್ಸ್ ಅವರು ಮಾತಿನ ನಡುವೆ ಸೂಚಿಸಿದ್ದ ಉಪಾಯವೊಂದನ್ನು ಸ್ಮರಿಸಿಕೊಂಡು, ಒಂದೇ ಸಂಜೆಯಲ್ಲಿ ಸುಮಾರು ಸಾವಿರ ಸಾಲುಗಳ ಪ್ರೋಗ್ರಾಮೊಂದನ್ನು ಬರೆದರು. ದೂರದ ಯಂತ್ರವನ್ನು ಕೂಗುವುದು, ಅದು ಓಗೊಟ್ಟರೆ ನಡುವೆ ಕಳೆದ ಕಾಲವನ್ನು ಅಳೆಯುವುದು, ಇಷ್ಟೇ ಅದರ ಕೆಲಸ. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರಿನ ಧ್ವನಿಯನ್ನನುಸರಿಸಿ ಅದಕ್ಕೆ ‘ಪಿಂಗ್’ ಎಂದು ಹೆಸರಾಯಿತು. ಸಮ್ಮೇಳನವೊಂದರಲ್ಲಿ ಕೇಳಿದ ಪ್ರಸಂಗವೊಂದನ್ನು ಮೂಸ್ ಅವರು ಬರೆದಿಟ್ಟಿದ್ದಾರೆ: ಈಥರ್‌ನೆಟ್ ಜಾಲವು ಆಗಾಗ ಕೈಕೊಡುತ್ತಿದ್ದುದರಿಂದ ಬೇಸತ್ತ ನಿರ್ವಾಹಕನೊಬ್ಬನು ಪಿಂಗನ್ನು ಮಾತನಾಡುವ ಯಂತ್ರಕ್ಕೆ ಜೋಡಿಸಿ, ಅದರ ಧ್ವನಿಯನ್ನು ಕಚೇರಿಯ ಸ್ಟೀರಿಯೋದಲ್ಲಿ ಕಿವಿ ತಡೆಯುವಷ್ಟು ಏರಿಸಿ, ಸೆಕೆಂಡಿಗೊಂದು ಸಲ ‘ಪಿಂಗ್, ಪಿಂಗ್’ ಎಂಬ ಕೂಗು ಕಟ್ಟಡವನ್ನೆಲ್ಲ ತುಂಬುತ್ತಿರಲು, ತಾನು ಕೋಣೆಯಿಂದ ಕೋಣೆಗೆ ನಡೆದು ಕನೆಕ್ಟರುಗಳನ್ನು ಒಂದೊಂದಾಗಿ ಅಲುಗಿಸಿ ನೋಡುತ್ತ, ಯಾವುದನ್ನು ಮುಟ್ಟಿದಾಗ ಕೂಗು ನಿಂತಿತೋ ಅದನ್ನೇ ಹಿಡಿದನಂತೆ. ಬಿಟ್ಟುಬಿಟ್ಟು ಬರುವ ದೋಷವನ್ನು ಎಡೆಬಿಡದೆ ಆಲಿಸುತ್ತಲೇ ಹಿಡಿಯಬೇಕಲ್ಲದೆ ಒಮ್ಮೆ ಇಣುಕಿ ನೋಡಿ ಅಲ್ಲ. ಇಂದಿನ ಫೈರ್‌ವಾಲುಗಳೊಳಗೆ ಗೇಟ್‌ವೇಯನ್ನು ಸದಾ ಕೂಗುತ್ತಿರುವ ಉಪಕರಣಗಳಲ್ಲಿಯೂ ಈ ವಿದ್ಯೆಯೇ ಅಡಗಿದೆ.

ಆದರೆ ತಂತಿ ಗಟ್ಟಿಯಾಗಿದ್ದೂ ಜಾಲ ಕುಸಿಯಬಹುದೆಂಬುದು 1986ರ ಅಕ್ಟೋಬರಿನಲ್ಲಿ ಪ್ರತ್ಯಕ್ಷವಾಯಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಅಂತರ ಕೇವಲ 400 ಗಜ. ಆ ಹಾದಿಯ ವೇಗ ಸೆಕೆಂಡಿಗೆ 32,000 ಬಿಟ್ಟುಗಳಿಂದ 40 ಬಿಟ್ಟುಗಳಿಗೆ ಇಳಿಯಿತು. ವ್ಯಾನ್ ಜೇಕಬ್‌ಸನ್ ಮತ್ತು ಮೈಕ್ ಕ್ಯಾರೆಲ್ಸ್ ಅವರು ಶೋಧಿಸಿದಾಗ, ದಟ್ಟಣೆಯಾದಷ್ಟೂ ಯಂತ್ರಗಳು ಕಳುಹಿಸಿದ್ದನ್ನೇ ಮತ್ತೆ ಕಳುಹಿಸಿ ದಟ್ಟಣೆಯನ್ನು ಹೆಚ್ಚಿಸುತ್ತಿದ್ದುದು ತಿಳಿದುಬಂದಿತು. ಪ್ಯಾಕೆಟ್ ಕಳೆದುಹೋದರೆ ಅದನ್ನು ಸಂಜ್ಞೆಯೆಂದು ತಿಳಿದು ವೇಗವನ್ನು ತಗ್ಗಿಸಬೇಕೆಂಬ ನಿಯಮವನ್ನು ಜೇಕಬ್‌ಸನ್ ಅವರು 1988ರಲ್ಲಿ ಪ್ರಕಟಿಸಿದರು.

ಅದೇ ವರ್ಷದ ನವೆಂಬರಿನಲ್ಲಿ ಮಾರಿಸ್ ಹುಳು ಎಂಬ, ತಾನಾಗಿಯೇ ಹರಡುವ ಪ್ರೋಗ್ರಾಮು ಸಾವಿರಾರು ಯಂತ್ರಗಳನ್ನು ಕೆಡಿಸಿದ ಮೇಲೆ, ಗಡಿಯಲ್ಲಿಯೇ ಪ್ಯಾಕೆಟ್ಟುಗಳನ್ನು ತಡೆದು ಪರೀಕ್ಷಿಸುವ ಫೈರ್‌ವಾಲಿಗೆ ಮನ್ನಣೆ ಹೆಚ್ಚಿತು. 1994ರಲ್ಲಿ ವಿಳಾಸ ಬದಲಿಸುವ ನ್ಯಾಟ್ ಪದ್ಧತಿಯ ವಿವರಣೆ ಹೊರಬಿದ್ದು, ಕಾಲಕ್ರಮದಲ್ಲಿ ಇವೆರಡೂ ಮನೆಯ ಮೂಲೆಯ ಪೆಟ್ಟಿಗೆಯನ್ನು ಸೇರಿದವು. ರಕ್ಷಣೆಯ ಉತ್ಸಾಹದಲ್ಲಿ ಹಲವರು ಪಿಂಗ್ ಆಶ್ರಯಿಸಿದ ಐಸಿಎಂಪಿ ಸಂದೇಶಗಳನ್ನು ಸಾರಾಸಗಟಾಗಿ ನಿಷೇಧಿಸಿದ್ದು ಬೇರೊಂದು ಅನರ್ಥಕ್ಕೆ ದಾರಿಯಾಯಿತು: ‘ಪ್ಯಾಕೆಟ್ ದೊಡ್ಡದಾಯಿತು’ ಎಂಬ ಎಚ್ಚರಿಕೆಯೂ ಅದೇ ಹಾದಿಯಲ್ಲಿ ಬರತಕ್ಕದ್ದಾದುದರಿಂದ, ಪಿಪಿಪಿಒಇ ಎಂಬ ಬಗೆಯ ಸಂಪರ್ಕವಿದ್ದು ಪ್ಯಾಕೆಟ್ಟಿನ 1500 ಬೈಟುಗಳ ಮಿತಿ 1492ಕ್ಕೆ ಇಳಿದಿದ್ದ ಮನೆಗಳಲ್ಲಿ ಚಿಕ್ಕ ಸಂದೇಶಗಳು ಸರಾಗವಾಗಿ ಸಾಗಿ, ದೊಡ್ಡ ಪುಟಗಳು ಕಾರಣ ತಿಳಿಯದೆ ಅರ್ಧದಲ್ಲಿ ನಿಂತವು. ಕೇಡು ಬಾರದಂತೆ ಕಿವಿಯನ್ನೇ ಮುಚ್ಚಿಕೊಳ್ಳುವ ಈ ಜಾಣ್ಮೆ ಇಂದಿಗೂ ಅಳಿದಿಲ್ಲ.

ನಿಜವಾದ ತಿರುವು ಬಂದುದು ಒಂದು ಮನೆಯಿಂದಲೇ. ಎಕ್ಸ್ ವಿಂಡೋ ವ್ಯವಸ್ಥೆಯನ್ನು ರೂಪಿಸಿದವರಲ್ಲೊಬ್ಬರೂ ಆಗ ಬೆಲ್ ಲ್ಯಾಬ್ಸಿನಲ್ಲಿದ್ದವರೂ ಆದ ಜಿಮ್ ಗೆಟ್ಟಿಸ್ ಅವರು 2010ರಲ್ಲಿ ಹಳೆಯ ಕಡತಗಳನ್ನು ಮನೆಯಿಂದ ದೂರದ ಸರ್ವರಿಗೆ ಏರಿಸುತ್ತಿದ್ದಾಗ ಮನೆಯ ಸಂಪರ್ಕವೆಲ್ಲ ತೂಕಡಿಸಿತು. ಪಿಂಗಿನ ಉತ್ತರ ಒಂದು ಸೆಕೆಂಡಿಗಿಂತ ತಡವಾಗಿ ಬರುತ್ತಿತ್ತು, ಕಡತ ಏರಿಸುವುದನ್ನು ನಿಲ್ಲಿಸಿದರೆ ಎಲ್ಲವೂ ಕ್ಷೇಮ. ಪ್ಯಾಕೆಟ್ಟುಗಳ ಸಂಚಾರವನ್ನು ಸೆರೆಹಿಡಿದು ಪರಿಶೀಲಿಸಿ, ಜೇಕಬ್‌ಸನ್ ಮೊದಲಾದವರೊಡನೆ ಸಮಾಲೋಚಿಸಿ ಅವರು ಕಂಡುಕೊಂಡದ್ದೇನೆಂದರೆ, ಮೆಮೊರಿ ಅಗ್ಗವಾದುದರಿಂದ ತಯಾರಕರು ಮೋಡೆಮು, ರೌಟರುಗಳಲ್ಲಿ ಪ್ಯಾಕೆಟ್ಟುಗಳು ಸರದಿಗಾಗಿ ಕಾಯುವ ಬಫರುಗಳನ್ನು ಮಿತಿಮೀರಿ ಹಿಗ್ಗಿಸಿದ್ದರು. ಪ್ಯಾಕೆಟ್ ಕಳೆಯಬಾರದೆಂಬ ಆ ಔದಾರ್ಯದಿಂದ ವೇಗ ತಗ್ಗಿಸಬೇಕೆಂಬ ಸಂಜ್ಞೆಯೇ ಕಳುಹಿಸುವ ಯಂತ್ರಕ್ಕೆ ಸಕಾಲದಲ್ಲಿ ಮುಟ್ಟುತ್ತಿರಲಿಲ್ಲ. ‘ಬಫರ್‌ಬ್ಲೋಟ್’ ಎಂದು ಅವರು ಕರೆದ ಈ ವ್ಯಾಧಿಯ ಮೂಲವನ್ನು ಜಾನ್ ನೇಗಲ್ 1985ರಲ್ಲಿಯೇ ಸೂಚಿಸಿ, ಅನಂತ ಸಂಗ್ರಹಶಕ್ತಿಯುಳ್ಳ ಸ್ವಿಚ್ಚು ಕೂಡ ಭಾರ ಹೆಚ್ಚಾದಾಗ ಆಯುಸ್ಸು ತೀರಿದ ಪ್ಯಾಕೆಟ್ಟುಗಳನ್ನೆಲ್ಲ ಕಳೆದುಕೊಳ್ಳುವುದೆಂದು ತೋರಿಸಿಕೊಟ್ಟಿದ್ದರು. ಅಗ್ಗದ ಮೆಮೊರಿಯ ಕಾಲ ಬಂದಾಗ ಆ ಮಾತು ಯಾರಿಗೂ ನೆನಪಾಗಲಿಲ್ಲ.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್‌ಸನ್ ಅವರು ಸೂಚಿಸಿದ ಕೋಡೆಲ್ ವಿಧಾನವು ಸರದಿಯ ಉದ್ದವನ್ನು ಲೆಕ್ಕಿಸದೆ ಪ್ಯಾಕೆಟ್ ಅಲ್ಲಿ ನಿಂತ ಕಾಲವನ್ನು ಅಳೆಯುತ್ತದೆ; ಆ ಕಾಲವು 100 ಮಿಲಿಸೆಕೆಂಡುಗಳುದ್ದಕ್ಕೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಪ್ಯಾಕೆಟ್ಟೊಂದನ್ನು ಬೇಕೆಂದೇ ಬಿಟ್ಟುಬಿಡುತ್ತದೆ. ಅದರ ಪರಿಷ್ಕೃತ ರೂಪವು ಅದೇ ವರ್ಷ ಲಿನಕ್ಸಿಗೂ ತರುವಾಯ ಮನೆಯ ಫೈರ್‌ವಾಲುಗಳಿಗೂ ಬಂದಿತು. ಅಲ್ಲಿ ಅದನ್ನು ಪ್ರಯೋಗಿಸುವವನು ಸಾಮಾನ್ಯವಾಗಿ ತನ್ನ ಲೈನಿನ ನಿಜವಾದ ವೇಗಕ್ಕಿಂತ ತುಸು ಕಡಮೆಯ ಅಂಕಿಯನ್ನೇ ನಮೂದಿಸಬೇಕು. ಸರದಿಯು ಮೋಡೆಮಿನಲ್ಲಿ ಬೆಳೆಯದೆ ತನ್ನ ಫೈರ್‌ವಾಲಿನಲ್ಲಿಯೇ ನಿಲ್ಲುವಂತಾಗುವುದಕ್ಕೆ ಇದು ಅವಶ್ಯಕ. ಹಣ ತೆತ್ತು ಕೊಂಡ ವೇಗವನ್ನು ಕೈಯಾರೆ ಕಡಿಮೆ ಮಾಡುವುದಕ್ಕೆ ಗೃಹಸ್ಥನ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ.