ಪಿಯಾನೋ ಪುಸ್ತಕದ 'ಸಿ' ಮತ್ತು ನಮ್ಮ ಲಘು-ಗುರು

ಕಳೆದ ಯುಗಾದಿ ಕೂಟದಲ್ಲಿ ಊಟಕ್ಕೆ ಕಾಯುತ್ತಿದ್ದಾಗ, ಪಿಯಾನೋ ಕಲಿಯುತ್ತಿರುವ ಸದಸ್ಯರೊಬ್ಬರ ಮಗಳು ತನ್ನ ಪುಸ್ತಕ ತೆರೆದು, "ಅಂಕಲ್, ಸಾಲಿನ ಮೊದಲಲ್ಲಿ 'ಸಿ' ಅಂತ ಯಾಕೆ ಬರೆದಿದ್ದಾರೆ?" ಎಂದು ಕೇಳಿದಳು. ನಾಲ್ಕು ಎಣಿಕೆಯ ತಾಳದ ಗುರುತು, ಇಂಗ್ಲಿಷಿನ 'ಕಾಮನ್ ಟೈಮ್' ಎಂಬುದರ ಮೊದಲಕ್ಷರ ಇರಬೇಕಮ್ಮ ಎಂದುಬಿಟ್ಟೆ. ಮನೆಗೆ ಬಂದು ಪುಸ್ತಕ ತಿರುವಿದಾಗ ನಾನು ಹೇಳಿದ್ದು ತಪ್ಪೆಂದು ತಿಳಿಯಿತು. ಅದು ಅಕ್ಷರವೇ ಅಲ್ಲ. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ಲೇಖನ.

ಯೂರೋಪಿನ ಮಠಗಳಲ್ಲಿ 9ನೆಯ ಶತಮಾನದಿಂದಲೇ ಪ್ರಾರ್ಥನೆಯ ಪದಗಳ ಮೇಲೆ ಸಣ್ಣ ಗೀಟು, ಕೊಕ್ಕೆಗಳನ್ನು ಹಾಕುತ್ತಿದ್ದರು. ದನಿ ಏರಬೇಕೋ ಇಳಿಯಬೇಕೋ ಎಂಬುದಕ್ಕೆ ಅದೊಂದು ನೆನಪಿನ ಗುರುತು. ಸುಮಾರು 1025ರಲ್ಲಿ ಇಟಲಿಯ ಗ್ವಿಡೋ ಎಂಬ ಸಂನ್ಯಾಸಿ ಗೆರೆಗಳನ್ನೆಳೆದು ಅವುಗಳ ಮೇಲೆ ಸ್ವರ ಕೂರಿಸುವ ಕ್ರಮವನ್ನು ನೆಲೆಗೊಳಿಸಿದ. ಯಾವ ಸ್ವರ ಎಂಬುದು ಖಚಿತವಾಯಿತು. ಆದರೆ ಎಷ್ಟು ಹೊತ್ತು? ಅದನ್ನು ಗುರುವಿನ ಬಾಯಿಂದಲೇ ಕಲಿಯಬೇಕಿತ್ತು. ಸ್ವಿಟ್ಜರ್‌ಲೆಂಡಿನ ಸಾಂಕ್ಟ್ ಗಾಲೆನ್ ಮಠದ ಹಸ್ತಪ್ರತಿಗಳಲ್ಲಿ 'ಬೇಗ', 'ತಡೆ' ಎಂಬ ಅರ್ಥದ ಪುಟ್ಟ ಅಕ್ಷರಗಳಿವೆ, ಅಳತೆ ಇಲ್ಲ. ನಮ್ಮ ಭಜನೆಯಂತೆ ಎಲ್ಲರೂ ಒಂದೇ ಧಾಟಿ ಹಾಡುತ್ತಿದ್ದುದರಿಂದ ಅಷ್ಟೇ ಸಾಕಾಗುತ್ತಿತ್ತು.

ಸಾಕಾಗದೆ ಹೋದದ್ದು ಪ್ಯಾರಿಸಿನಲ್ಲಿ. 1163ರಲ್ಲಿ ಕಟ್ಟಲಾರಂಭಿಸಿದ ನೋತ್ರ್ ದಾಮ್ ಚರ್ಚಿಗಾಗಿ, 1200ರ ಆಸುಪಾಸಿನಲ್ಲಿ ಪೆರೊತಾನ್ ಎಂಬಾತ ನಾಲ್ಕು ದನಿಗಳಿಗೆ ನಾಲ್ಕು ಬೇರೆ ಧಾಟಿಗಳನ್ನು ಹೆಣೆದ. ಒಬ್ಬ ಒಂದಿಷ್ಟು ಹೆಚ್ಚು ಎಳೆದರೂ ಎಲ್ಲ ಕಲಸುಮೇಲೋಗರ! ಆಗ ಬಳಕೆಗೆ ಬಂದದ್ದು ಆರು ಮಾದರಿಗಳು. ಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆ ಇದು ಕೂಡಲೇ ತಿಳಿಯುತ್ತದೆ: ಮೊದಲನೆಯದು ಗುರು-ಲಘು, ಎರಡನೆಯದು ಲಘು-ಗುರು, ಐದನೆಯದು ಬರೀ ಗುರು, ಆರನೆಯದು ಬರೀ ಲಘು. ಮಜವೆಂದರೆ ಗುರುವಿಗೂ ಲಘುವಿಗೂ ಬೇರೆ ಆಕಾರವಿರಲಿಲ್ಲ. ಸ್ವರಗಳನ್ನು ಗೊಂಚಲು ಮಾಡಿ ಬರೆಯುತ್ತಿದ್ದರು. ಮೊದಲು ಮೂರರ ಗೊಂಚಲು, ಆಮೇಲೆಲ್ಲ ಎರಡರದು ಬಂದರೆ ಒಂದನೆಯ ಮಾದರಿ. ಎರಡೆರಡಾಗಿ ಬಂದು ಕೊನೆಗೆ ಮೂರಾದರೆ ಎರಡನೆಯದು. ಇಡೀ ಸಾಲು ನೋಡದೆ ಒಂದು ಸ್ವರದ ಕಾಲ ಹೇಳುವಂತಿಲ್ಲ.

ಈ ತೊಡಕನ್ನು ಬಿಡಿಸಿದವನ ಹೆಸರಿಗೆ ಅಂಟಿಕೊಂಡಿರುವುದು ನಮ್ಮಲ್ಲಿ ಅನೇಕರು ರೈಲು ಬದಲಿಸುವ ಊರು: ಕೊಲೋನಿನ ಫ್ರಾಂಕೊ. ಸುಮಾರು 1280ರ ತನ್ನ ಗ್ರಂಥದಲ್ಲಿ ಆತ ಆಕಾರವೇ ಕಾಲವನ್ನು ಹೇಳುವಂತೆ ನಿಯಮ ಮಾಡಿದ. ಬಾಲವಿರುವ ಚೌಕ ದೀರ್ಘ, ಬಾಲವಿಲ್ಲದ್ದು ಹ್ರಸ್ವ, ವಜ್ರಾಕೃತಿ ಇನ್ನೂ ಚಿಕ್ಕದು. ನಮ್ಮ ಗುರುವಿಗೆ ಎರಡು ಮಾತ್ರೆಯಾದರೆ ಅವನ ಪೂರ್ಣ ದೀರ್ಘಕ್ಕೆ ಮೂರು, ಅಂದರೆ ನಮ್ಮ ಪ್ಲುತ. ಏಕೆಂದರೆ ಕ್ರೈಸ್ತರ ತ್ರಿತ್ವದಿಂದಾಗಿ ಮೂರೇ ಪರಿಪೂರ್ಣ ಸಂಖ್ಯೆ. ಆದರೆ ದೀರ್ಘದ ನಂತರ ಒಂಟಿ ಹ್ರಸ್ವ ಬಂದರೆ ದೀರ್ಘ ತನ್ನದೊಂದು ಪಾಲನ್ನು ಬಿಟ್ಟುಕೊಟ್ಟು ಎರಡಾಗುತ್ತದೆ. ವಿಚಿತ್ರವೆನಿಸಿತೇ? ಒತ್ತಕ್ಷರದ ಹಿಂದಿನ ಲಘು ಗುರುವಾಗುವುದನ್ನು ನಾವು ಕಲಿತಿಲ್ಲವೇ! ಅಲ್ಲಿಯೂ ಇಲ್ಲಿಯೂ ಪಕ್ಕದವರನ್ನು ನೋಡಿಯೇ ಬೆಲೆ ಕಟ್ಟುವುದು.

1320ರ ದಶಕದಲ್ಲಿ ಝಾನ್ ದೆ ಮ್ಯೂರ್, ಫಿಲಿಪ್ ದ ವಿತ್ರಿ ಮೊದಲಾದವರು ಎರಡರ ಭಾಗಕ್ಕೂ ಮೂರರಷ್ಟೇ ಸ್ಥಾನ ಕೊಟ್ಟರು. ಹೊಸ ಚಿಹ್ನೆಗಳು ಬಂದವು. ಮೂರಕ್ಕೆ ಪೂರ್ಣ ವೃತ್ತ, ಎರಡಕ್ಕೆ ಒಡೆದ ವೃತ್ತ. ಆ ಒಡೆದ ವೃತ್ತವೇ ಹುಡುಗಿಯ ಪುಸ್ತಕದ 'ಸಿ'. ಸಣ್ಣ ಸಣ್ಣ ಸ್ವರಗಳಿಂದ ಚರ್ಚಿನ ಗಾನವನ್ನು ತುಂಡರಿಸುತ್ತಿದ್ದಾರೆಂದು ಪೋಪ್ 22ನೆಯ ಜಾನ್ 1324-25ರಲ್ಲಿ ಆಜ್ಞೆ ಹೊರಡಿಸಿದ. ವಿತ್ರಿಯೋ, 1351ರಲ್ಲಿ ತಾನೇ ಬಿಷಪ್ಪನಾದ!

ನಮ್ಮ ಕಡೆ ಅದೇ 13ನೆಯ ಶತಮಾನದಲ್ಲಿ, ಕನ್ನಡ ಶಾಸನಗಳನ್ನೂ ಬರೆಸಿದ ಸೇವುಣರ ದೇವಗಿರಿಯಲ್ಲಿ, ಶಾರ್ಙ್ಗದೇವ 'ಸಂಗೀತರತ್ನಾಕರ'ದಲ್ಲಿ ದ್ರುತ, ಲಘು, ಗುರು, ಪ್ಲುತಗಳ ಲೆಕ್ಕದಲ್ಲಿ 120 ದೇಶೀ ತಾಳಗಳನ್ನು ವಿವರಿಸಿದ. ಅವನ್ನು ಇಂದೂ ಕೈಯಲ್ಲಿ ಹಾಕಿ ನೋಡಬಹುದು, ಆದರೆ ಕಚೇರಿಗಳಲ್ಲಿ ಬಹುಪಾಲು ಕೇಳಿಬರುವುದಿಲ್ಲ. ಯೂರೋಪಿನ ಹಳೆಯ ಮಠಗಾನದ್ದು ಇದಕ್ಕೆ ತಿರುಗುಮುರುಗು. ಧಾಟಿ ಉಳಿದಿದೆ, ಕಾಲ ಹೋಗಿದೆ. 19ನೆಯ ಶತಮಾನದಲ್ಲಿ ಫ್ರಾನ್ಸಿನ ಸೊಲೆಮ್ ಮಠದವರು ಹಳೆಯ ಪ್ರತಿಗಳನ್ನೆಲ್ಲ ಹೋಲಿಸಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಸ್ವರಗಳೆಲ್ಲ ಹೆಚ್ಚುಕಡಿಮೆ ಸಮ ಎಂದು ಕೆಲವರು, ಇಲ್ಲ, ಹ್ರಸ್ವ-ದೀರ್ಘಗಳಿದ್ದವು ಎಂದು ಇನ್ನು ಕೆಲವರು. ಜಗಳ ಇಂದಿಗೂ ಮುಗಿದಿಲ್ಲ. ಬಲ್ಲವರು ಬರೆಯದೆ ಹೋದರು.

ಇದನ್ನೋದುವಾಗ ನಮ್ಮಮ್ಮನ ಸೋಬಾನೆ ಪದಗಳ ನೋಟುಬುಕ್ಕು ನೆನಪಾಯಿತು. ಪದಗಳೆಲ್ಲ ದುಂಡಗಿನ ಅಕ್ಷರದಲ್ಲಿವೆ. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದು ಈಗ ಊರಿನಲ್ಲಿರುವ ಅಕ್ಕನಿಗೆ ಮಾತ್ರ ಗೊತ್ತು. ಅವಳಿಗೆ ಎಪ್ಪತ್ತೆರಡು. ಈ ಬೇಸಿಗೆಯಲ್ಲಿ ಹೋದಾಗ ಅವಳನ್ನು ಕೂರಿಸಿಕೊಂಡು ಅಷ್ಟನ್ನೂ ಹಾಡಿಸಿ ರೆಕಾರ್ಡ್ ಮಾಡಿಕೊಂಡು ಬರಬೇಕೆಂದಿದ್ದೇನೆ.